ನೆಕ್ಕರ್ ನದಿಯ ದಂಡೆಯಲ್ಲಿ ಹದಿನೆಂಟು ದಿನ

"ಜರ್ಮನಿಗೆ ಹೋಗಿ ಬಂದಿರಂತಲ್ಲ ಫಾದರ್, ಏನೇನು ನೋಡಿದಿರಿ?" ಎಂದು ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳುವವರಿಗೆ ನಾನು ಮೊಬೈಲಿನ ಚಿತ್ರಗಳನ್ನು ತೋರಿಸುತ್ತೇನೆ. ಗೋಪುರ, ಸೇತುವೆ, ದ್ರಾಕ್ಷಿ ತೋಟ ಎಲ್ಲವೂ ಅದರಲ್ಲಿವೆ. ಆದರೆ ಆ ಪ್ರವಾಸದಲ್ಲಿ ನಾನು ಕಲಿತದ್ದು ಯಾವ ಚಿತ್ರದಲ್ಲೂ ಇಲ್ಲ. ಅದನ್ನು ನಮ್ಮ ಪತ್ರಿಕೆಯ ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು. ಗೆಳೆಯನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಈ ಗೆಳೆಯ ಮತ್ತು ನಾನು ಕಾಸರಗೋಡಿನ ಕಡೆಯ ಒಂದೇ ಧರ್ಮಕೇಂದ್ರದವರು. ಕನ್ನಡ ಶಾಲೆಯಲ್ಲಿ ಒಂದೇ ಬೆಂಚು, ಗುರುಮಠದಲ್ಲಿ ಮೂರು ವರ್ಷ ಒಂದೇ ಕೋಣೆ. ನಾಲ್ಕನೆಯ ವರ್ಷ ಅವನು ಮನೆಗೆ ಹೊರಟ, ನಾನು ಉಳಿದೆ. ಮುಂದೆ ಅವನು ತಾಂತ್ರಿಕ ಶಿಕ್ಷಣ ಪಡೆದು, ಮಲಯಾಳಿ ನರ್ಸ್ ಒಬ್ಬರನ್ನು ಮದುವೆಯಾಗಿ ಜರ್ಮನಿ ಸೇರಿದ. ಈಗ ಸ್ಟುಟ್‌ಗಾರ್ಟ್ ನಗರದ ಪಕ್ಕದ ಎಸ್ಲಿಂಗನ್ ಎಂಬ ಊರಿನಲ್ಲಿ ಸಂಸಾರ. ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. "ಒಮ್ಮೆ ಬಾ" ಎಂದು ಹತ್ತು ವರ್ಷದಿಂದ ಕರೆಯುತ್ತಿದ್ದ. 2024ರ ಜೂನ್ ತಿಂಗಳಲ್ಲಿ ಹೋಗುವ ಯೋಗ ಕೂಡಿಬಂತು. ಅವನ ತಾಯಿಯೂ ಮೂರು ತಿಂಗಳ ವೀಸಾದ ಮೇಲೆ ಅಲ್ಲಿಗೆ ಬಂದಿದ್ದರು. ನಾವು ಅವರನ್ನು ಬಾಯಮ್ಮ ಎಂದೇ ಕರೆಯುವುದು. ಗಂಡ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಅವರೊಬ್ಬರೇ.

ಎಸ್ಲಿಂಗನ್ ನೆಕ್ಕರ್ ನದಿಯ ದಂಡೆಯ ಹಳೆಯ ಪಟ್ಟಣ. ಮರದ ತೊಲೆಗಳು ಹೊರಗೇ ಕಾಣುವ ಇಳಿಜಾರು ಮಾಡಿನ ಮನೆಗಳು, ಹಿಂದೆ ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ. ನಮ್ಮಲ್ಲಿ ಗುಡ್ಡ ಕಡಿದು ಅಡಿಕೆ ತೋಟಕ್ಕೆ ತಟ್ಟು ಮಾಡುವಂತೆ ಅಲ್ಲಿ ಕಲ್ಲು ಕಟ್ಟಿ ತಟ್ಟು ಮಾಡಿದ್ದಾರೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. "ಇಲ್ಲಿ ಸಂಜೆಯ ಜಪಸರ ಯಾವಾಗ ಹೇಳುವುದು ಫಾದರ್? ಸೂರ್ಯ ಮುಳುಗುವುದೇ ಇಲ್ಲವಲ್ಲ" ಎಂಬುದು ಬಾಯಮ್ಮನ ಮೊದಲ ದೂರು.

ಆ ಸೀಮೆಯಲ್ಲಿ ದಾರಿಯಲ್ಲಿ ಎದುರಾದವರು "ಗ್ರೂಸ್ ಗೊಟ್" ಎನ್ನುತ್ತಾರೆ. ದೇವರ ಹೆಸರಿರುವ ವಂದನೆ ಅದು. ದೇವಾಲಯದ ಕಡೆ ಮುಖ ಹಾಕದವರ ಬಾಯಲ್ಲೂ ಆ ಮಾತು ಉಳಿದಿದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕುಡಿದ ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಎಸೆಯುವಂತಿಲ್ಲ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಮೊದಲೇ ಕೊಟ್ಟ 25 ಸೆಂಟ್ ಮರಳಿ ಸಿಗುತ್ತದೆ. ಒಂದು ಶುಕ್ರವಾರ ಗೆಳೆಯನ ಹೆಂಡತಿ ಮೌಲ್‌ಟಾಷೆನ್ ಎಂಬ ತಿನಿಸು ಮಾಡಿದರು. ಮೈದಾ ಹಾಳೆಯೊಳಗೆ ಮಾಂಸ, ಸೊಪ್ಪು ತುಂಬಿ ಬೇಯಿಸಿದ ಕಡುಬು. ತಪಸ್ಸುಕಾಲದಲ್ಲಿ ಮಾಂಸ ತಿನ್ನುವುದು ದೇವರಿಗೆ ಕಾಣಬಾರದೆಂದು ಮೌಲ್‌ಬ್ರೋನ್ ಮಠದ ಸನ್ಯಾಸಿಗಳು ಹೀಗೆ ಮುಚ್ಚಿಟ್ಟರೆಂದು ಅಲ್ಲಿ ಕಥೆ ಹೇಳುತ್ತಾರೆ. ಅದಕ್ಕೆ ದೇವರನ್ನೇ ಯಾಮಾರಿಸುವ ತಿಂಡಿ ಎಂಬ ಅಡ್ಡಹೆಸರೂ ಇದೆ. ಬಾಯಮ್ಮ ಕಥೆ ಕೇಳಿ ನಕ್ಕರು, ಆದರೆ ಶುಕ್ರವಾರ ತಿನ್ನಲಿಲ್ಲ. ಶನಿವಾರ ಬಿಸಿ ಮಾಡಿಸಿಕೊಂಡು ತಿಂದರು.

ಇನ್ನೊಂದು ಪದ್ಧತಿ ಕೇರ್‌ವೋಖೆ, ಅಂದರೆ ಗುಡಿಸುವ ವಾರ. ಬಹುಮಹಡಿ ಮನೆಗಳಲ್ಲಿ ಮೆಟ್ಟಿಲು ಮತ್ತು ಅಂಗಳವನ್ನು ಒಂದೊಂದು ವಾರ ಒಂದೊಂದು ಮನೆಯವರು ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುಹಾಕುತ್ತಾರೆ. ಬಾಯಮ್ಮನಿಗೆ ಇದು ಹಿಡಿಸಲಿಲ್ಲ. ಅಂಗಳವೆಂದರೆ ದಿನಾ ಬೆಳಿಗ್ಗೆ ಗುಡಿಸಬೇಕಾದದ್ದು! ಅವರು ಸರದಿ ನೋಡದೆ ಪ್ರತಿದಿನ ಆರು ಗಂಟೆಗೆ ಪೊರಕೆ ಹಿಡಿದು ಇಳಿಯತೊಡಗಿದರು. ಆ ವಾರದ ಸರದಿಯಿದ್ದ ಕೆಳಮನೆಯ ಜರ್ಮನ್ ಅಜ್ಜಿಗೆ ಇದು ತನ್ನ ಮೇಲಿನ ಟೀಕೆ ಎನಿಸಿ ಅವರು ಮೇಲೆ ಬಂದು ತಕರಾರು ಮಾಡಿದರು. ಗೆಳೆಯ ಕ್ಷಮೆ ಕೇಳಿ ವಿವರಿಸಿದ. ಮರುದಿನ ನೋಡಿದರೆ ಇಬ್ಬರು ಮುದುಕಿಯರೂ ಒಟ್ಟಿಗೆ ಗುಡಿಸುತ್ತಿದ್ದಾರೆ! ಒಬ್ಬರದು ಜರ್ಮನ್, ಇನ್ನೊಬ್ಬರದು ಕೊಂಕಣಿ. ಮಾತು ಮಾತ್ರ ನಿಲ್ಲಲೇ ಇಲ್ಲ. ಆ ಅಜ್ಜಿಯೂ ಒಂಟಿಯೇ ಎಂದು ಆಮೇಲೆ ತಿಳಿಯಿತು.

ಭಾನುವಾರ ಸಂತ ಪೌಲರ ದೇವಾಲಯಕ್ಕೆ ಹೋದೆವು. ದೊಮಿನಿಕನ್ ಸಭೆಯವರು ಕಟ್ಟಿದ ಈ ದೇವಾಲಯವನ್ನು 1268ರಲ್ಲಿ ಮಹಾ ಆಲ್ಬರ್ಟರು ಪ್ರತಿಷ್ಠಾಪಿಸಿದರು. ಸಂತ ತೋಮಸ್ ಅಕ್ವಿನಾಸರ ಗುರುಗಳಾದ ಆ ಆಲ್ಬರ್ಟರ ಹೆಸರನ್ನು ಗುರುಮಠದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನಾವಿಬ್ಬರೂ ಅಂದು ಅವರು ನಿಂತ ನೆಲದಲ್ಲಿ ಮೊಣಕಾಲೂರಿದೆವು. ಜನ ಹೆಚ್ಚಿರಲಿಲ್ಲ, ಬಹುಪಾಲು ಬಿಳಿಗೂದಲಿನವರು. ಅಲ್ಲಿ ಸಭೆಯ ಸದಸ್ಯರ ಆದಾಯ ತೆರಿಗೆಯ ಮೇಲೆ ಶೇಕಡಾ 8ರಷ್ಟು ಸಭಾ ತೆರಿಗೆಯನ್ನು ಸರ್ಕಾರವೇ ವಸೂಲು ಮಾಡಿ ಸಭೆಗೆ ಕೊಡುತ್ತದೆ. ಹಣಕ್ಕೆ ಕೊರತೆಯಿಲ್ಲ, ಬೆಂಚುಗಳು ಮಾತ್ರ ಖಾಲಿ. ಬಾಯಮ್ಮನಿಗೆ ಜರ್ಮನ್ ಒಂದಕ್ಷರ ತಿಳಿಯದು. ಆದರೆ ಪ್ರತಿ ಉತ್ತರವನ್ನೂ ಸರಿಯಾದ ಜಾಗದಲ್ಲಿ ಕೊಂಕಣಿಯಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಬಲಿಪೂಜೆಗೆ ಭಾಷೆ ಅಡ್ಡಿಯಲ್ಲ. ಪಾಪನಿವೇದನೆಗೆ ಮಾತ್ರ ತಾಯಿಭಾಷೆಯೇ ಬೇಕು. ಅದಕ್ಕಾಗಿಯೇ ಅವರು ನನ್ನ ದಾರಿ ಕಾಯುತ್ತಿದ್ದರು.

ನಾನು ಬಂದ ಎರಡನೆಯ ದಿನವೇ ಗೆಳೆಯ ಒಂದು ಮಾತು ತೆಗೆದಿದ್ದ. "ಅಮ್ಮನನ್ನು ಇಲ್ಲಿ ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಊರಿನ ಮನೆಯಲ್ಲಿ ಒಬ್ಬರೇ ಇರುವುದು ನನಗೆ ಹೆದರಿಕೆ. ಮಂಗಳೂರಿನ ಕಡೆ ಧರ್ಮಭಗಿನಿಯರು ನಡೆಸುವ ಒಂದು ವೃದ್ಧಾಶ್ರಮದಲ್ಲಿ ಕೋಣೆ ಗೊತ್ತು ಮಾಡಿದ್ದೇನೆ. ನಾನು ಹೇಳಿದರೆ ಅವರಿಗೆ ನೋವಾಗುತ್ತದೆ. ಗುರುಗಳು ಹೇಳಿದರೆ ಕೇಳುತ್ತಾರೆ. ನೀನೇ ಒಂದು ಮಾತು ಹೇಳು." ನಾನು ಒಪ್ಪಿಕೊಂಡೆ. ಇಂಥ ಮಾತು ನನಗೆ ಹೊಸದಲ್ಲ. ನಮ್ಮ ಗುಡ್ಡದ ಮನೆಗಳಲ್ಲಿ ಮಕ್ಕಳೆಲ್ಲ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಹಿರಿಯರೊಬ್ಬರೇ ಉಳಿದಿರುವುದು ಎಷ್ಟು ಕಡೆ ಇಲ್ಲ! ಅಲ್ಲಿ ಮಕ್ಕಳ ಪರವಾಗಿ ನಾನೇ ಹೋಗಿ ಹೇಳಿದ್ದುಂಟು.

ಎರಡನೆಯ ವಾರ ನನ್ನ ಬಹುಕಾಲದ ಆಸೆಯಂತೆ ಗೆಳೆಯ ನನ್ನನ್ನು ಟ್ಯೂಬಿಂಗನ್‌ಗೆ ಕರೆದೊಯ್ದ. ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದ ಊರು; ಮುಂದೆ ಹದಿನಾರನೆಯ ಬೆನೆಡಿಕ್ಟ್ ಆದ ಜೋಸೆಫ್ ರಾಟ್ಸಿಂಗರ್ 1966ರಿಂದ 1969ರವರೆಗೆ ಪಾಠ ಹೇಳಿದ ಜಾಗ. ಆದರೆ ಕನ್ನಡಿಗನಾದ ನನಗೆ ಅದು ಕಿಟ್ಟೆಲರ ಊರು. 1853ರಲ್ಲಿ ಬಾಸೆಲ್ ಮಿಶನ್ ಮೂಲಕ ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲರು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ಕಣ್ಣು ಮುಚ್ಚಿದ್ದು ಇಲ್ಲೇ.

ಕಿಟ್ಟೆಲರಷ್ಟೇ ಅಲ್ಲ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೊಗ್ಲಿಂಗರು ಓದಿದ್ದು ಟ್ಯೂಬಿಂಗನ್‌ನಲ್ಲಿ; ತೀರಿಕೊಂಡದ್ದು 1881ರಲ್ಲಿ, ನಾನು ಉಳಿದುಕೊಂಡಿದ್ದ ಎಸ್ಲಿಂಗನ್ ಊರಿನಲ್ಲೇ! ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟರು ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿ, ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿಗೆ ಹತ್ತಿರದ ಕಾಲ್ವ್ ಎಂಬ ಊರಲ್ಲಿ. ಅವರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅವರ ಮೊಮ್ಮಗನೇ ನೊಬೆಲ್ ಬಹುಮಾನ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ಹೆಸ್ಸೆಯ ತಂದೆಯೂ ಕೆಲಕಾಲ ಮಂಗಳೂರಿನಲ್ಲಿ ಮಿಶನರಿಯಾಗಿದ್ದವರು. 1956ರಲ್ಲಿ ಗಡಿ ಬದಲಾದಾಗಿನಿಂದ ಕನ್ನಡ, ಮಲಯಾಳಗಳ ನಡುವೆ ಎಳೆದಾಡುವ ನಮ್ಮ ಕಾಸರಗೋಡಿನವನಿಗೆ ಇದನ್ನೆಲ್ಲ ನೆನೆದಾಗ ವಿಚಿತ್ರ ಸಮಾಧಾನವಾಯಿತು. ಎರಡೂ ಭಾಷೆಗಳನ್ನು ಮೊದಲು ಪ್ರೀತಿಯಿಂದ ಕಿವಿಗೊಟ್ಟು ಕೇಳಿ, ಆಮೇಲೆ ಬರೆದುಕೊಂಡವರು ಅವರು. ಅವರು ನಮ್ಮ ಸಭೆಯವರಲ್ಲ ನಿಜ. ಆದರೂ ಊರಿನ ಹಳೆಯ ಸ್ಮಶಾನದಲ್ಲಿ ನಿಂತು ಅವರೆಲ್ಲರ ಆತ್ಮಕ್ಕಾಗಿ ಕನ್ನಡದಲ್ಲೇ ಒಂದು ಪ್ರಾರ್ಥನೆ ಸಲ್ಲಿಸಿದೆ.

ಮಧ್ಯಾಹ್ನ ನದಿಯ ದಡದ ಹಳದಿ ಬಣ್ಣದ ಗೋಪುರದ ಮನೆಯನ್ನು ನೋಡಿದೆವು. ಹೋಲ್ಡರ್‌ಲೀನ್ ಎಂಬ ಮಹಾಕವಿಗೆ ಮನಸ್ಸಿನ ಕಾಯಿಲೆಯಾಗಿ, ಆಸ್ಪತ್ರೆಯವರು ಗುಣವಾಗದೆಂದು ಕೈಬಿಟ್ಟಾಗ ತ್ಸಿಮ್ಮರ್ ಎಂಬ ಒಬ್ಬ ಬಡಗಿ ಅವರನ್ನು 1807ರಲ್ಲಿ ಈ ಮನೆಗೆ ಕರೆತಂದ. ಸಂಬಂಧಿಕನಲ್ಲ, ಅವರ ಪುಸ್ತಕ ಓದಿ ಮೆಚ್ಚಿದವನು, ಅಷ್ಟೆ. ಕವಿ ಅಲ್ಲಿ 36 ವರ್ಷ ಬದುಕಿದರು. ಬಡಗಿ ಸತ್ತ ಮೇಲೆ ಅವನ ಮಗಳು ನೋಡಿಕೊಂಡಳು. ನದಿ ಕಾಣುವ ಆ ಕೋಣೆಯ ಕಿಟಕಿಯ ಬಳಿ ನಿಂತು ಗೆಳೆಯ ಈ ವಿವರವನ್ನು ಜರ್ಮನ್ ಫಲಕದಿಂದ ನನಗೆ ಓದಿ ಹೇಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ನಾನೂ ಏನೂ ಹೇಳಲಿಲ್ಲ.

ಹೊರಗೆ ಬಂದು ನದಿಯ ಕಡೆಗಿನ ಬೆಂಚಿನಲ್ಲಿ ಕೂತೆವು. ಉದ್ದ ಗಳದಿಂದ ತಳ ಊರಿ ದೋಣಿ ನಡೆಸುವ ವಿದ್ಯಾರ್ಥಿಗಳು ನಗುತ್ತ ಸಾಗುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವನೇ, "ಅಮ್ಮನ ಹತ್ತಿರ ಮಾತಾಡಿದೆಯಾ?" ಎಂದ. ಆ ಪ್ರಶ್ನೆ ಕೇಳಿದಾಗ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಊರಿನಲ್ಲಿ ಎಷ್ಟೋ ಮನೆಗಳಿಗೆ ಹೋಗಿ ಹಿರಿಯರಿಗೆ ಬುದ್ಧಿ ಹೇಳಿದ್ದೇನೆ; "ನಿಮಗೆ ಏನು ಬೇಕು?" ಎಂದು ಮೊದಲು ಕೇಳಿದ್ದು ನೆನಪಿಲ್ಲ. ನಿಘಂಟು ಬರೆದವರೂ ಮೊದಲು ಕೇಳಿದರು. ನಾನು ನೇರ ಹೇಳಲು ಹೋಗಿದ್ದೆ. "ನಾನು ಹೇಳುವುದಿಲ್ಲ. ನೀನು ಕೇಳು. ನಾನು ಪಕ್ಕದಲ್ಲಿ ಕೂತಿರುತ್ತೇನೆ" ಎಂದೆ. ಅವನಿಗೆ ಸಿಟ್ಟು ಬಂತು. ರೈಲಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಎರಡು ದಿನ ಕಳೆದು, ಜಪಸರ ಮುಗಿದ ಮೇಲೆ ಅವನು ಕೇಳಿದ. ಬಾಯಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ನೀನು ಕೋಣೆ ನೋಡಿದ್ದು ನನಗೆ ಗೊತ್ತುಂಟು ಮಗ. ಸಿಸ್ಟರ್‌ಗಳು ಒಳ್ಳೆಯವರು. ಅಲ್ಲಿ ಪೂಜೆ ಉಂಟು, ಊಟ ಉಂಟು, ಡಾಕ್ಟರ್ ಉಂಟು. ಆದರೆ ನನಗೆ ಗುಡಿಸಲಿಕ್ಕೆ ಅಂಗಳ ಇಲ್ಲ" ಎಂದರು. ಸ್ವಲ್ಪ ತಡೆದು, "ಬಾವಿಯಿಂದ ಒಂದು ಕೊಡ ನೀರು ಸೇದುವಷ್ಟು ದಿನ ಮನೆಯಲ್ಲಿರುತ್ತೇನೆ. ಆಗದ ದಿನ ನಾನೇ ಫೋನು ಮಾಡಿ ಹೇಳುತ್ತೇನೆ. ಆಗ ನನ್ನನ್ನು ಅಲ್ಲಿ ಬಿಡು, ಬೇಜಾರಿಲ್ಲ" ಎಂದರು. ಮಗ ತಲೆ ತಗ್ಗಿಸಿ ಕೂತಿದ್ದ. ಗುರುಮಠ ಬಿಟ್ಟು ಹೋದ ದಿನ ಕಂಡ ಬಳಿಕ ಅವನ ಕಣ್ಣಲ್ಲಿ ನೀರು ಕಂಡದ್ದು ಅಂದೇ.

ಆಗಸ್ಟ್‌ನಲ್ಲಿ ಬಾಯಮ್ಮ ಊರಿಗೆ ಬಂದರು. ಈಗ ರಾತ್ರಿ ನೆರೆಮನೆಯ ಹುಡುಗಿಯೊಬ್ಬಳು ಜೊತೆಗೆ ಮಲಗುತ್ತಾಳೆ; ಅವಳ ಕಾಲೇಜಿನ ಶುಲ್ಕ ಗೆಳೆಯನದು. ನಮ್ಮ ಧರ್ಮಕೇಂದ್ರದಲ್ಲೂ ಒಂಟಿ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಬರುವಂತೆ ಯುವಜನರನ್ನು ಕೇಳಿಕೊಂಡಿದ್ದೇನೆ. ಉಪದೇಶ ಮಾಡಬೇಡಿ, ಕೂತು ಕೇಳಿ ಬನ್ನಿ ಎಂದಷ್ಟೇ ಹೇಳಿದ್ದೇನೆ.

ಗೆಳೆಯನ ಹತ್ತು ವರ್ಷದ ಮಗಳು ಮನೆಯಲ್ಲಿ ಮಲಯಾಳ, ಹೊರಗೆ ಜರ್ಮನ್ ಮಾತಾಡುವವಳು. ಆ ಮೂರು ತಿಂಗಳಲ್ಲಿ ಅಜ್ಜಿಯ ಕನ್ನಡ ಪ್ರಾರ್ಥನಾ ಪುಸ್ತಕ ಹಿಡಿದು ಅಕ್ಷರ ಕಲಿತಿದ್ದಳು. ಕ್ರಿಸ್ಮಸ್‌ಗೆ ಅವಳ ಕಾರ್ಡು ಬಂತು. 'ಪ್ರೀತಿಯ ಅಜಿಗೆ' ಎಂದು ಬರೆದಿದ್ದಳು. ಜಕಾರಕ್ಕೆ ಒತ್ತು ಹಾಕಲು ಮರೆತಿದ್ದಾಳೆ. ಬಾಯಮ್ಮ ಅದನ್ನು ನನಗೆ ತೋರಿಸಿ, "ತಪ್ಪಿದ್ದರೆ ತಿದ್ದಿ ಕೊಡಿ ಫಾದರ್, ಅವಳಿಗೆ ಹೇಳಿಕೊಡಬೇಕು" ಎಂದರು.

"ಸರಿಯಾಗಿಯೇ ಉಂಟು ಬಾಯಮ್ಮ" ಎಂದು ಹೇಳಿ ಮರಳಿ ಕೊಟ್ಟೆ.