ಎರಡು ಚುಕ್ಕಿ, ಎರಡು ಗೀಟು

2018ರ ಜುಲೈ. ಕುರುಗೋಡಿನ ಮನೆಕಟ್ಟೆಯ ಮೇಲೆ ಕೂತು ಅಪ್ಪ, ಕಾಲುವೆಗೆ ನೀರು ಎಂದು ಬಿಡುತ್ತಾರೋ ಎಂದು ಪೇಪರು ಹುಡುಕುತ್ತಿದ್ದರು. ನಾನು ಫೋನಿನಲ್ಲಿ ನನಗೆ ಅನ್ನ ಹಾಕುವ ಕಂಪ್ಯೂಟರ್ ಭಾಷೆಯ ಸುದ್ದಿ ಓದುತ್ತಿದ್ದೆ. ಪೈಥಾನ್ ಹುಟ್ಟಿಸಿದ ಗೀಡೊ ವಾನ್ ರಾಸಮ್ ಯಜಮಾನಿಕೆ ಬಿಟ್ಟಿದ್ದ.

"ಯಾಕಂತ?"

ಹೇಳುವುದು ಫಜೀತಿಯಾಯಿತು. ಲೆಕ್ಕದ ನಡುವೆಯೇ ಉತ್ತರಕ್ಕೊಂದು ಹೆಸರು ಕಟ್ಟಿಬಿಡುವ ಹೊಸ ಗುರುತು. ಎರಡು ಚುಕ್ಕಿ, ಪಕ್ಕದಲ್ಲಿ ಎರಡು ಗೀಟು. ತಲೆ ವಾಲಿಸಿ ನೋಡಿದರೆ ಕೋರೆಹಲ್ಲಿನ ಕಡಲಪ್ರಾಣಿಯಂತೆ ಕಾಣುವುದರಿಂದ ವಾಲ್ರಸ್ ಎಂದು ಅಡ್ಡಹೆಸರು. ಬೇಕು ಬೇಡ ಎಂದು ದೊಡ್ಡ ಜಗಳ. ಗೀಡೊ ಒಪ್ಪಿಗೆ ಕೊಟ್ಟ, ಬೈಸಿಕೊಂಡು ದಣಿದ, ಜುಲೈ 12ಕ್ಕೆ ಕೈ ಮುಗಿದ.

"ಎರಡು ಚುಕ್ಕಿಗೆ ಗೌಡಕಿ ಬಿಟ್ನಾ? ನೀರಿಗಾದ್ರ ಬಿಡಬೇಕಿತ್ತು."

ಅವನ ಪದವಿ 'ಜೀವಮಾನದ ದಯಾಳು ಸರ್ವಾಧಿಕಾರಿ'. ತಮಾಷೆಗೆ ಇಟ್ಟದ್ದು, ಮೈಗೆ ಅಂಟಿತ್ತು. ನಮ್ಮೂರಲ್ಲಿ ಅದಕ್ಕೆ ಯೋಗ್ಯ ಗುಡಿಯ ನಂದಿ ದೊಡ್ಡಬಸಪ್ಪನೊಬ್ಬನೇ. ಏಕಶಿಲೆ, ಯಾವ ಗೊತ್ತುವಳಿಗೂ ಬಾಯಿ ಬಿಟ್ಟವನಲ್ಲ, ಆದ್ದರಿಂದಲೇ ರಾಜೀನಾಮೆಯ ಪ್ರಶ್ನೆ ಬಂದಿಲ್ಲ.

ನೀರಿನ ಸಭೆಗಳನ್ನು ನಾನು ಅಪ್ಪನ ಪಂಚೆಯ ಚುಂಗು ಹಿಡಿದೇ ನೋಡಿದವನು. ಡ್ಯಾಮಿನ ನೀರು ಯಾವಾಗ ಬರಬೇಕೆಂದು ನೀರಾವರಿ ಸಲಹಾ ಸಮಿತಿ ಹೇಳುತ್ತದೆ. ಬಂದ ನೀರು ಯಾವ ರಾತ್ರಿ ಯಾರ ಹೊಲಕ್ಕೆಂದು ಬೇವಿನ ಮರದ ಕೆಳಗೆ ಹೇಳಬೇಕು. ಸಿರುಗುಪ್ಪದ ಮಾವನ ಭತ್ತಕ್ಕೆ ನೀರು ನಿಲ್ಲಬೇಕು, ನಮ್ಮ ಮೆಣಸಿನಗಿಡಕ್ಕೆ ನಿಂತರೆ ಸಾವು. ಮಾತು ತೂಬಿನಿಂದ ಶುರುವಾಗಿ, ಯಾರದೋ ಮದುವೆಯಲ್ಲಿ ಹೋಳಿಗೆ ಕಡಿಮೆ ಬಿದ್ದದ್ದರವರೆಗೆ ಹರಿಯುತ್ತಿತ್ತು. ಕಾಲುವೆಗಿಂತ ದೂರ. ಕೊನೆಗೆ ಒಗ್ಗರಣಿ-ಮಿರ್ಚಿ ಬರುತ್ತಿತ್ತು, ತೀರ್ಮಾನ ಮುಂದಿನ ಸಭೆಗೆ ಹೋಗುತ್ತಿತ್ತು.

ಅತ್ತ ಗೀಡೊ ವಾರಸುದಾರನನ್ನು ಹೆಸರಿಸಲಿಲ್ಲ. ಡಿಸೆಂಬರಿನಲ್ಲಿ ಪೈಥಾನ್ ಮಂದಿ ಆಡಳಿತದ ಏಳು ಯೋಜನೆಗಳನ್ನು ಮತಕ್ಕಿಟ್ಟರು. ಮತಪತ್ರದಲ್ಲಿ ಎಂಟನೆಯದೂ ಒಂದಿತ್ತು: 'ಇನ್ನಷ್ಟು ಚರ್ಚೆ'. ಅಪ್ಪ ನಕ್ಕು ನಕ್ಕು ಕೆಮ್ಮಿದರು. "ನಮ್ಮಲ್ಲಿ ಯಾವಾಗ್ಲೂ ಅದ ಗೆಲ್ಲತೈತಿ."

ಗೆದ್ದದ್ದು ಐದು ಜನರ ಸಮಿತಿ. ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. "ಪಂಚರು," ಅಂದರು ಅಪ್ಪ. "ಒಂದ ಮನಿತನದವ್ರು ತುಂಬಬಾರ್ದು. ಇಷ್ಟಕ್ಕ ಇಂಜಿನಿಯರ್ ಓದಬೇಕಿತ್ತೇನು?" 2019ರ ಮೊದಲ ಪಂಚರಲ್ಲಿ ಗೀಡೊ ಕೂಡ ಇದ್ದ. ಗೌಡಕಿ ಬಿಟ್ಟವರು ಕಟ್ಟೆ ಬಿಡುವುದಿಲ್ಲ. ಅವನು ಮುಂದಿನ ಸಲ ಹಿಂದೆ ಸರಿದ, ನಮ್ಮವರು ಅದನ್ನೂ ಮಾಡುವುದಿಲ್ಲ.

ಈಗ ಬಳ್ಳಾರಿಯಲ್ಲಿ, ಕೋಟೆಗುಡ್ಡ ಕಾಣುವ ಮಾಳಿಗೆಯಲ್ಲಿ ಕೂತು ಕೋಡ್ ಬರೆಯುತ್ತೇನೆ. ವಾಲ್ರಸ್ ಬಳಸಬಹುದಾದ ಸಾಲು ಬಂದಾಗ ಅಪ್ಪನ ಕೆಮ್ಮು ಕೇಳಿಸುತ್ತದೆ. ಎರಡು ಸಾಲಾಗಿ ಬಿಡಿಸಿ ಬರೆಯುತ್ತೇನೆ. ನೀರಿನ ಸಭೆಗೆ ಅಪ್ಪನ ಜಾಗದಲ್ಲಿ ಈಗ ನಾನೇ ಹೋಗಬೇಕು. ಹೋದ ಸಲ ಹೋಗಿದ್ದೆ. ಮಿರ್ಚಿ ಚೆನ್ನಾಗಿತ್ತು. ನಮ್ಮ ಹೊಲ ಕಾಲುವೆಯ ಕೊನೆಗೆ. ನೀರು ತಡವಾಗಿಯೇ ಬಂತು.