ಅಕ್ಕನನ್ನು ಮೊದಲೇ ಕೇಳಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಮಾತೇ ಬರುತ್ತಿರಲಿಲ್ಲ

ಬೆಳ್ಮಣ್ಣಿನಲ್ಲಿ ನಮ್ಮ ಮನೆ ಇರುವುದು ಗದ್ದೆಯ ಬದಿಯಲ್ಲಿ. ಅಲ್ಲಿಂದ ಪಡುಬಿದ್ರಿ–ಕಾರ್ಕಳ ಹೆದ್ದಾರಿಗೆ ಬರಬೇಕಾದರೆ ಒಂದು ಸಣ್ಣ ಏರು ಹತ್ತಬೇಕು. ಏರಿನ ತುದಿಯಲ್ಲಿ ನಿಂತು, ಎರಡೂ ಕಡೆ ನೋಡಿ, ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಸಿಕ್ಕಿದ ಜಾಗದಲ್ಲಿ ಥಟ್ಟನೆ ರಸ್ತೆಗೆ ಸೇರಿಕೊಳ್ಳಬೇಕು. ಈ ದಾರಿಯಲ್ಲಿ ದಿನಾ ಓಡಾಡುವವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಕ್ಕ ಹಾಗೆ ರಸ್ತೆಗೆ ಸೇರುವಾಗ ಕಾರು ಅರ್ಧದಲ್ಲಿ ನಿಂತಿತು. ಇಂಜಿನ್ ಆಫ್ ಆಗಿರಲಿಲ್ಲ. ಎಕ್ಸಲೇಟರ್ ಒತ್ತಿದರೆ ಶಬ್ದ ಮಾತ್ರ ಏರಿತು, ಗಾಡಿ ಮುಂದೆ ಹೋಗಲಿಲ್ಲ. ಎರಡು ಸೆಕೆಂಡ್ ಇರಬಹುದು. ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ‘ಢಬ್’ ಎಂದು ಎಗರಿ ಹೊರಟಿತು. ಅಷ್ಟರಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಬದಿಯ ಮಣ್ಣಿಗೆ ಇಳಿದು ದಾಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸಂಜೆ ಮನೆಯಲ್ಲಿ ದೊಡ್ಡ ಪಂಚಾತಿಕೆಯೇ ಆಯಿತು.

ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲಿಗೆ ಬಲವಿಲ್ಲ. ಕಾರ್ಕಳದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹದಿನೈದು ವರ್ಷ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿ ಇಳಿದು ಹೋಗಿಬಂದವಳು. ಕ್ಲಚ್ ಇಲ್ಲದ ಗಾಡಿಯಾದರೆ ಬಲಗಾಲೊಂದೇ ಸಾಕು. ಹಾಗಾಗಿ ಮೂರು ವರ್ಷದ ಹಿಂದೆ ಉಳಿತಾಯದ ಹಣ, ಸೊಸೈಟಿ ಸಾಲ ಎಲ್ಲ ಸೇರಿಸಿ 2011ರ ಮಾಡೆಲಿನ, ನಾಲ್ಕು ಗೇರಿನ ಆಟೋಮ್ಯಾಟಿಕ್ ಸಣ್ಣ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡಳು. ಬಸ್ಸಿನ ಸಮಯ ನೋಡದೆ ಮನೆಯಿಂದ ಹೊರಡುವುದು ಏನೆಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಆ ಸಂಜೆ ನಾವು, ಅಂದರೆ ಅಪ್ಪ, ಅಮ್ಮ ಮತ್ತು ಪೇಪರಿಗೆ ಸುದ್ದಿ ಕಳಿಸಿ ಬದುಕುವ ಈ ವರದಿಗಾರ, ಮೂವರೂ ಸೇರಿ ಅವಳನ್ನು ವಿಚಾರಣೆ ಮಾಡಿದೆವು. ಬ್ರೇಕು ಎಕ್ಸಲೇಟರು ಒಟ್ಟಿಗೆ ಒತ್ತಿದ್ದೀಯಾ? ಹೆದರಿದ್ದೀಯಾ? ಆಟೋಮ್ಯಾಟಿಕ್ಕೆಲ್ಲ ನಮ್ಮ ಊರಿಗೆ ಆಗುವಂಥದ್ದಾ? ಅಕ್ಕ ಒಂದೇ ಸಲ ಹೇಳಿದಳು: “ಬೆಳಿಗ್ಗೆ ಮೊದಲ ಸಲ ಡಿ-ಗೆ ಹಾಕಿದಾಗ ತಡ ಆಗ್ತದೆ. ಏರಿನಲ್ಲಿ ಜಾಸ್ತಿ, ಸಮ ರಸ್ತೆಯಲ್ಲಿ ಅಷ್ಟಿಲ್ಲ. ಎ.ಸಿ. ಹಾಕಿಕೊಂಡು ರಿವರ್ಸಿನಿಂದ ಡಿ-ಗೆ ತಂದರೆ ಢಬ್ ಅಂತದೆ.”

ನಾವು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಕಾರನ್ನು ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿ ಬಾನೆಟ್ ಎತ್ತಿ ಐದು ನಿಮಿಷ ನೋಡಿದರು. ಓಡಿಸಿ ನೋಡಲಿಲ್ಲ. “ಗೇರ್‌ಬಾಕ್ಸ್ ಹೋಗಿದೆ, ಇದೆಲ್ಲ ರಿಪೇರಿ ಆಗೂದಿಲ್ಲ, ಬದಲಿಸಬೇಕು” ಎಂದು 85,000 ರೂಪಾಯಿ ಲೆಕ್ಕ ಕೊಟ್ಟರು. ಒಂದು ವರದಿಗೆ ಬರುವ ದುಡ್ಡಿನಲ್ಲಿ ಒಂದು ಲೀಟರ್ ಒಳ್ಳೆಯ ಆಯಿಲ್ ಸಿಗದ ಮನೆ ನಮ್ಮದು. ಕಾರಿಗೆ ಟರ್ಪಾಲು ಹೊದಿಸಿದೆವು. ಮಾರುವುದಕ್ಕೆ ಫೋಟೊ ಕೂಡ ಕಳಿಸಿಯಾಗಿತ್ತು. ಅಕ್ಕ ಮತ್ತೆ ಬಸ್ಸು ಹತ್ತಿದಳು. ಮಳೆಗೆ ಜಾರುವ ಮೆಟ್ಟಿಲು, ಹಿಂದಿನಿಂದ ಕಂಡಕ್ಟರನ ಸೀಟಿ. ರಾತ್ರಿ ಬಂದು ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಒಂದು ಮಾತೂ ಆಡಲಿಲ್ಲ.

ಒಂದು ಮೋರಿ ಕುಸಿದರೆ ನಾವು ಸ್ಥಳಕ್ಕೆ ಹೋಗಿ ನೋಡಿ, ಎರಡೂ ಕಡೆಯವರ ಮಾತು ಕೇಳಿ ಬರೆಯುತ್ತೇವೆ. ಯಾವಾಗ, ಎಲ್ಲಿ, ಹೇಗೆ ಎಂದು ಕೇಳದೆ ಸುದ್ದಿ ಕಳಿಸಿದರೆ ಡೆಸ್ಕಿನವರು ಬೈಯುತ್ತಾರೆ. ನಮ್ಮದೇ ಅಂಗಳದಲ್ಲಿ ಆ ಕೆಲಸ ಮಾಡಲಿಲ್ಲ. ಒಬ್ಬರು ಹೇಳಿದ್ದನ್ನೇ ತೀರ್ಪು ಎಂದುಕೊಂಡೆವು.

ಎರಡು ವಾರದ ಮೇಲೆ ಪರಿಚಯದವರೊಬ್ಬರು ಶಿರ್ವ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕಳಿಸಿಕೊಟ್ಟರು. ಹದಿನೆಂಟು ವರ್ಷ ಮಸ್ಕತ್‌ನಲ್ಲಿ ಆಟೋಮ್ಯಾಟಿಕ್ ಗಾಡಿಗಳಲ್ಲೇ ಕೈ ಪಳಗಿಸಿಕೊಂಡು ಬಂದವರು. ಸ್ಕೂಟರ್ ನಿಲ್ಲಿಸಿ ಅವರು ಕೇಳಿದ ಮೊದಲ ಮಾತು, “ಗಾಡಿ ಬಿಡುವುದು ಯಾರು?”

ಅಕ್ಕ ಅಂದೆವು. “ಹಾಗಾದರೆ ಅವರನ್ನು ಕರೆಯಿರಿ, ನೀವು ಸ್ವಲ್ಪ ಸುಮ್ಮನಿರಿ ಮಾರಾಯ್ರೆ.”

ಅಕ್ಕನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಇಂಜಿನ್ ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ಏರಿನಲ್ಲೋ ತಿರುವಿನಲ್ಲೋ? ಹೊರಡುವಾಗಲೋ ಗೇರ್ ಬದಲಾಗುವಾಗಲೋ? ಬ್ಯಾಟರಿ ತೆಗೆದದ್ದುಂಟಾ? ಗೇರ್ ಆಯಿಲ್ ಯಾವಾಗ ಹಾಕಿಸಿದ್ದು? ಕೊನೆಯದಕ್ಕೆ ಮಾತ್ರ ಅಕ್ಕನಲ್ಲಿ ಉತ್ತರ ಇರಲಿಲ್ಲ. ನಾವು ಯಾರೂ ಹಾಕಿಸಿಯೇ ಇರಲಿಲ್ಲ.

ಅವರು ನಮಗೆ ಬಿಡಿಸಿ ಹೇಳಿದ್ದು ಹೀಗೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದಲ್ಲ? ಇಂತಹ ಕಾರಿನಲ್ಲಿ ಗಾಳಿಯ ಬದಲು ಆಯಿಲ್. ಇಂಜಿನ್ ಒಂದು ಫ್ಯಾನ್ ತಿರುಗಿಸುತ್ತದೆ, ಆಯಿಲಿನ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯ ಫ್ಯಾನ್ ತಿರುಗುತ್ತದೆ. ಇದೇ ಟಾರ್ಕ್ ಕನ್ವರ್ಟರ್. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ ಆಯಿಲಿನ ಒತ್ತಡ, ತಂಪು ಮಾಡುವುದೂ ಅದೇ. ಆಯಿಲ್ ಕಡಿಮೆಯಾದರೆ ಒತ್ತಡ ಬರಲು ತಡವಾಗುತ್ತದೆ. ಏರಿನಲ್ಲಿ ಗಾಡಿ ವಾಲಿದಾಗ ಇದ್ದ ಆಯಿಲೂ ಒಂದು ಬದಿಗೆ ಹೋಗಿ ಪಂಪು ಗಾಳಿ ಎಳೆಯಬಹುದು. ಆಗ ಇಂಜಿನ್ ಕೂಗುತ್ತದೆ, ಗಾಡಿ ನಿಲ್ಲುತ್ತದೆ. ಅಕ್ಕ ಹೇಳಿದ್ದೂ ಅದನ್ನೇ ಅಲ್ಲವೇ?

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿ 1940ರ ಮಾಡೆಲಿನ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲೇ ಆಯಿಲಿನಿಂದ ನಡೆಯುವ ಪೂರ್ಣ ಆಟೋಮ್ಯಾಟಿಕ್ ಗೇರ್ ಕೊಟ್ಟಿತ್ತು.

ಆಮೇಲೆ ಅಕ್ಕನೇ ಸ್ಟೇರಿಂಗ್ ಹಿಡಿದಳು, ಅವರು ಪಕ್ಕದಲ್ಲಿ ಕೂತರು. ಮೆಲ್ಲ ಒಂದು ಸುತ್ತು ಹೋಗಿಬಂದು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿದರು. ಇಂಜಿನ್ ಚಾಲೂ ಇರುವಾಗಲೇ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಎಲ್ಲ ಗೇರುಗಳಿಗೂ ಮೆಲ್ಲ ತಂದು, ಪುನಃ ಪಾರ್ಕಿಗೆ ಹಾಕಿ ಗೇರ್ ಆಯಿಲಿನ ಅಳತೆ ಕಡ್ಡಿ ಎಳೆದರು. ಹೆಚ್ಚಿನ ಗಾಡಿಗಳಿಗೆ ಹೀಗೆ. ಕೆಲವಕ್ಕೆ ಇಂಜಿನ್ ನಿಲ್ಲಿಸಿ ನೋಡಬೇಕು, ಕೆಲವಕ್ಕೆ ಕಡ್ಡಿಯೇ ಇಲ್ಲ. ಗಾಡಿಯ ಪುಸ್ತಕ ನೋಡಿಯೇ ಮಾಡಬೇಕು.

ಆಯಿಲ್ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಬಣ್ಣ ಕೆಂಪು ಹೋಗಿ ಕಂದು. ಬೆರಳಲ್ಲಿ ಉಜ್ಜಿದರು, ಮೂಸಿದರು. “ಸುಟ್ಟ ವಾಸನೆ ಇಲ್ಲ, ಪುಡಿ ಇಲ್ಲ. ಗೇರ್‌ಬಾಕ್ಸಿಗೆ ಜೀವ ಉಂಟು.” ಕಪ್ಪಾಗಿ, ಸುಟ್ಟ ವಾಸನೆ ಬಂದು, ಬೆರಳಿಗೆ ತರಿ ಸಿಕ್ಕಿದರೆ ಪ್ಲೇಟು ತಿಂದಿದೆ ಎಂದರ್ಥ. ರೋಸ್ ಮಿಲ್ಕ್ ಹಾಗೆ ಬಿಳಿಚಿಕೊಂಡಿದ್ದರೆ ರೇಡಿಯೇಟರಿನ ನೀರು ಸೇರಿದೆ. ಆಗ ಗಾಡಿ ಓಡಿಸಲೇಬಾರದು.

ಆಯಿಲ್ ಹೋದದ್ದೆಲ್ಲಿಗೆ? ಅಡಿಗೆ ಬಗ್ಗಿ ನೋಡಿದರೆ ರೇಡಿಯೇಟರಿಗೆ ಹೋಗುವ ಪೈಪಿನ ಕ್ಲಿಪ್ಪಿನ ಹತ್ತಿರ ಒದ್ದೆ. ಆಗ ಅಮ್ಮ ಬಾಯಿಬಿಟ್ಟರು. ಎರಡು ಮೂರು ತಿಂಗಳಿಂದ ಅಂಗಳದಲ್ಲಿ ಕೆಂಪು ಕಲೆ ಬೀಳುತ್ತಿತ್ತಂತೆ. ಅಪ್ಪ ಎಲೆಯಡಿಕೆ ಉಗುಳಿದ್ದೆಂದು ದಿನಾ ಅವರಿಗೆ ಬೈದು ತೊಳೆಯುತ್ತಿದ್ದರಂತೆ. ಅಪ್ಪ ಏನೂ ಹೇಳದೆ ಒಳಗೆ ಹೋದರು.

ಇನ್ನು ಆ ‘ಢಬ್’. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಹಾಕಿ, ಅಕ್ಕ ಬ್ರೇಕನ್ನು ಗಟ್ಟಿ ಒತ್ತಿ ರಿವರ್ಸಿನಿಂದ ಡಿ-ಗೆ ಹಾಕಿದಳು. ಅವರು ಬದಿಯಲ್ಲಿ ನಿಂತು ನೋಡಿದರು. ಗಾಡಿಯ ಎದುರು ಯಾರೂ ನಿಲ್ಲಬಾರದು. ಇಂಜಿನ್ ಇಡೀ ಎದ್ದು ಕುಳಿತಂತಾಯಿತು. ಇಂಜಿನ್ ಮೌಂಟಿಂಗಿನ ರಬ್ಬರ್ ಹರಿದಿತ್ತು. ಒಂದೇ ಕಾಯಿಲೆ ಎಂದುಕೊಂಡದ್ದು ಎರಡಾಗಿತ್ತು: ತಡವಾಗುವುದು ಆಯಿಲಿನಿಂದ, ಗುದ್ದುವುದು ಹೆಚ್ಚಾಗಿ ಮೌಂಟಿಂಗಿನಿಂದ.

ಕೊನೆಗೆ ಸ್ಕ್ಯಾನರ್ ಹಾಕಿದರು. ಕೋಡ್ ಇರಲಿಲ್ಲ. ಪಿ03 ಎಂದು ಶುರುವಾಗುವ ಕೋಡ್ ಬಂದರೆ ಸಾಮಾನ್ಯವಾಗಿ ಇಂಜಿನ್ ಮಿಸ್ಸಿಂಗ್ ಕಡೆ ನೋಡಬೇಕು. ಪ್ಲಗ್ಗು, ಕಾಯಿಲ್ ಹಾಳಾಗಿದ್ದರೂ ಗಾಡಿ ಜರ್ಕ್ ಹೊಡೆಯುತ್ತದೆ, ಬೈಗುಳ ಗೇರ್‌ಬಾಕ್ಸಿಗೆ. ಪಿ07 ಎಂದಿದ್ದರೆ ಗೇರ್‌ಬಾಕ್ಸ್ ಕಡೆಯ ದೂರು. ಆದರೂ ಕೋಡ್ ಎಂದರೆ ಎಫ್‌ಐಆರ್ ಇದ್ದ ಹಾಗೆ, ತೀರ್ಪಲ್ಲ. ತನಿಖೆ ಮಾಡಿಯೇ ಬಿಚ್ಚಬೇಕು.

ಪೈಪು, ಕ್ಲಿಪ್ಪು, ಮೌಂಟಿಂಗ್ ಬದಲಿಸಿದರು. ಬೋಲ್ಟ್ ತೆಗೆದರೆ ಹಳೆಯ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಕನ್ವರ್ಟರಿನ ಒಳಗೆ ಉಳಿಯುತ್ತದೆ. ಹಾಗಾಗಿ ಒಮ್ಮೆ ಹಾಕಿ, ಕೆಲವು ದಿನ ಓಡಿಸಿ, ಪುನಃ ಬದಲಿಸಿದರು. ಪುಸ್ತಕದಲ್ಲಿ ಹೇಳಿದ ಜಾತಿಯ ಎಟಿಎಫ್ ಮಾತ್ರ, ಗೆರೆಗಿಂತ ಮೇಲೆಯೂ ಅಲ್ಲ. ಹೆಚ್ಚಾದರೆ ನೊರೆ ಬಂದು ಅದೂ ಕಷ್ಟ. ಮಜೂರಿ ಸೇರಿ ಆದದ್ದು 11,300 ರೂಪಾಯಿ.

ಓದುವವರಿಗೆ ಎರಡು ಮಾತು. ಆಟೋಮ್ಯಾಟಿಕ್ ಎಂದರೆ ಎಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮ ಕಡೆ ಹೆಚ್ಚಾದದ್ದು ಎಎಂಟಿ ಗಾಡಿಗಳು. ಅದರಲ್ಲಿ ಸಾದಾ ಗೇರ್‌ಬಾಕ್ಸು, ಸಾದಾ ಕ್ಲಚ್ಚು. ಒತ್ತುವುದು ಮಾತ್ರ ನಮ್ಮ ಕಾಲಲ್ಲ, ಯಂತ್ರ. ಗೇರ್ ಬದಲಾಗುವಾಗ ಸ್ವಲ್ಪ ತಡೆದ ಹಾಗಾಗುವುದು ಅದರ ಗುಣ. ಅದು ಹೆಚ್ಚಾದರೆ ಕ್ಲಚ್ ಸವೆದಿದೆಯೇ ನೋಡಿಸಬೇಕು. ಸಿವಿಟಿ ಇನ್ನೊಂದು ಬಗೆ, ಅದರ ಆಯಿಲೇ ಬೇರೆ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ. ಇನ್ನೊಂದು, ಕೆಟ್ಟು ನಿಂತ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ದೂರ ಎಳೆಸಬೇಡಿ. ಇಂಜಿನ್ ಓಡದಿದ್ದರೆ ಆಯಿಲ್ ಪಂಪೂ ಓಡುವುದಿಲ್ಲ, ಒಳಗೆ ಒಣಗಿ ತಿರುಗಿ ನಿಜವಾಗಿಯೂ ಹಾಳಾಗುತ್ತದೆ. ಲಾರಿಯ ಮೇಲೆ ಹಾಕಿ ಒಯ್ಯಿರಿ.

ಗಾಡಿ ಹೊಸದಾಗಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಈಗಲೂ ಸಣ್ಣ ಜರ್ಕ್ ಉಂಟು. ಒಳಗಿನ ಸಾಲಿನಾಯ್ಡ್ ಇರಬಹುದು, ಈಗಲೇ ಬಿಚ್ಚುವುದು ಬೇಡ, ಬರೆದಿಡಿ ಎಂದಿದ್ದಾರೆ. ಅಕ್ಕ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್ ಬುಕ್ ಇಟ್ಟುಕೊಂಡಿದ್ದಾಳೆ. ತಾರೀಖು, ಸಮಯ, ಜಾಗ, ಎ.ಸಿ. ಇತ್ತೋ ಇಲ್ಲವೋ, ಎಲ್ಲ ಅದರಲ್ಲಿದೆ. ನಮ್ಮ ವರದಿಗಳಿಗಿಂತ ಚೊಕ್ಕ.

ಆ ಸಂಜೆಯ ವಿಚಾರಣೆಗೆ ನಾವು ಅವಳಲ್ಲಿ ಕ್ಷಮೆ ಕೇಳಲು ಸ್ವಲ್ಪ ದಿನ ಹಿಡಿಯಿತು. ಅಪ್ಪನೇ ಮೊದಲು ಕೇಳಿದರು. “ಅಪ್ಪ, ಅಮ್ಮ ನಿಮ್ಮಲ್ಲಿ ಕೇಳಿದ್ದಾರಾ?” ಎಂದು ನಕ್ಕು, ಅಕ್ಕ ಬೀಗದ ಕೈ ತೆಗೆದುಕೊಂಡು ಕಾರ್ಕಳಕ್ಕೆ ಹೊರಟಳು. ಏರಿನ ತುದಿಯಲ್ಲಿ ಕಾರು ನಿಂತಿತು, ಒಂದು ಬಸ್ಸು ದಾಟಿತು, ಆಮೇಲೆ ತಡೆಯದೆ ರಸ್ತೆಗೆ ಸೇರಿತು. ನಾವು ಅಂಗಳದಲ್ಲಿ ನಿಂತು ನೋಡಿದೆವು. ನೆಲದಲ್ಲಿ ಕಲೆ ಇರಲಿಲ್ಲ.