ಸಾಕ್ಷಿ ಎಂಬ ಮಾತು

ನಮ್ಮ ಕೇರಿಯ ಪ್ರಾರ್ಥನಾ ಮಂದಿರದಲ್ಲಿ ಭಾನುವಾರದ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವುದು ಅಂತ ಒಂದಿದೆ. ಕೂಲಿಯ ಹೆಣ್ಣುಮಗಳೊಬ್ಬಳು ತಲೆಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲುತ್ತಾಳೆ. ಕೂಸಿನ ಜ್ವರ ಇಳಿದದ್ದು, ಗಂಡ ಕುಡಿತ ಬಿಟ್ಟದ್ದು, ನಾಟಿ ಕೆಲಸ ಸಿಕ್ಕದ್ದು ಹೇಳಿ ಕೂಡುತ್ತಾಳೆ. ಊರಲ್ಲಿ ಎಲ್ಲೂ ಬಾಯಿ ತೆರೆಯದವಳಿಗೆ ಅಲ್ಲಿ ಬಾಯಿ ಬರುತ್ತದೆ. ಧರ್ಮದ ಹೆಸರಲ್ಲಿ ಬಾಂಬು ಇಡುವವರ, ಬೆಂಕಿ ಹಚ್ಚುವವರ ಎದುರು ನಾವು ಕೇರಿಯ ಕ್ರೈಸ್ತರು ಏನು ಮಾಡಬೇಕು ಅಂತ ಬಹಳ ವರ್ಷ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ್ದು ಈ ಹಳೆಯ ಮಾತೇ: ಸಾಕ್ಷಿ.

ನಮ್ಮೂರು ದಢೇಸುಗೂರು. ಸಿಂಧನೂರು ತಾಲೂಕಿನ ಅಂಚು, ತುಂಗಭದ್ರೆಯ ದಂಡೆ. ಹೊಳೆ ದಾಟಿದರೆ ಸಿರುಗುಪ್ಪದ ಸೀಮೆ. ಎಡದಂಡೆ ನಾಲೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಈ ತಾಲೂಕಿಗೆ ಬಂದು ಕ್ಯಾಂಪು ಹಾಕಿದರು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಗದ್ದೆ ಯಾರದೋ ಆಯಿತು, ಕೆಸರು ಮಾತ್ರ ನಮ್ಮದಾಯಿತು. ನಮ್ಮಪ್ಪ ಅಲಾಯಿ ಹಬ್ಬದಲ್ಲಿ ಪೀರಲ ದೇವರ ಮುಂದೆ ಹಲಗೆ ಬಡಿಯುತ್ತಿದ್ದ ಮಾದಿಗ. ದೂರ ನಿಲ್ಲು ಅನ್ನದ ದೇವರನ್ನು ಹುಡುಕಿಕೊಂಡು ಅವ್ವ, ಅಪ್ಪ ಇಬ್ಬರೂ ಯೇಸುವಿನ ಹತ್ತಿರ ಹೋದರು. ಹಿಟ್ಟು ಕೊಟ್ಟು, ಹಾಲಿನ ಪುಡಿ ಕೊಟ್ಟು ಯಾರೂ ಕರಕೊಂಡು ಹೋಗಲಿಲ್ಲ.

2000ನೇ ಇಸವಿ ಜೂನ್ 8ರಂದು ವಾಡಿಯ ಚರ್ಚಿನಲ್ಲಿ ಬಾಂಬು ಸಿಡಿಯಿತು. ವಾಡಿ ಅಂದರೆ ನಮಗೆ ದೂರದ ಹೆಸರಲ್ಲ, ರಾಯಚೂರಿನಲ್ಲಿ ರೈಲು ಹತ್ತಿದರೆ ಸಿಗುವ ಜಂಕ್ಷನ್ನು. ಅದೇ ದಿನ ಆಂಧ್ರದ ಒಂಗೋಲು, ತಾಡೇಪಲ್ಲಿಗೂಡೆಂ ಚರ್ಚುಗಳಲ್ಲೂ ಸಿಡಿಯಿತು. ಜುಲೈ 8ಕ್ಕೆ ಹುಬ್ಬಳ್ಳಿಯ ಲುಥರನ್ ಚರ್ಚು. ಮರುದಿನ ಭಾನುವಾರ ಬೆಂಗಳೂರಿನ ಜಗಜೀವನರಾಮ್ ನಗರದ ಚರ್ಚು.

ಆಗ ನಾನು ಓದು ಮುಗಿಸಿ ಅರ್ಜಿ ಹಾಕಿಕೊಂಡು ಕೂತ ಹುಡುಗ. ಕೇರಿಯ ಹುಡುಗರೆಲ್ಲ ಬಡಿಗೆ ಹಿಡಿದು ಪ್ರಾರ್ಥನಾ ಮಂದಿರದ ತಗಡಿನ ಸೂರಿನ ಕೆಳಗೆ ರಾತ್ರಿ ಕಾವಲು ಕೂತೆವು. ಯಾರ ಮೇಲೆ ಕಾವಲು? ಹಿಂದಿನ ವರ್ಷ, 1999ರ ಜನವರಿಯಲ್ಲಿ, ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟಿದ್ದರು. ಹಾಗಾಗಿ ಹಣೆಗೆ ಕುಂಕುಮ ಇಟ್ಟ ಹುಡುಗ ಎದುರು ಬಂದರೆ ನಮಗೆ ಅನುಮಾನ. ಒಂದು ತಿಂಗಳು ಹೀಗೇ ನಡೆಯಿತು.

ಜುಲೈ 9ರ ರಾತ್ರಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಒಂದು ವ್ಯಾನು ತಾನೇ ಸಿಡಿದು ಒಳಗಿದ್ದ ಇಬ್ಬರು ಸತ್ತರು. ಅಲ್ಲಿಂದ ಎಳೆ ಹಿಡಿದ ಪೊಲೀಸರು ದೀನ್‌ದಾರ್ ಅಂಜುಮನ್ ಎಂಬ ಪಂಥದವರನ್ನು ಮುಟ್ಟಿದರು. ಬಹುಪಾಲು ಮುಸ್ಲಿಮರೇ ಒಪ್ಪದ ಸಣ್ಣ ಪಂಥ ಅದು. ಅದರ ಮೂಲಪುರುಷ ತನ್ನನ್ನು ಚನ್ನಬಸವೇಶ್ವರನ ಅವತಾರ ಅಂತ ಕರೆದುಕೊಂಡಿದ್ದವನು. ಪೇಪರು ಓದಿದ್ದೇ ತಡ, ನಮ್ಮ ಅನುಮಾನ ಕುಂಕುಮದಿಂದ ಗಡ್ಡಕ್ಕೆ ಜಿಗಿಯಿತು. ಒಂದೇ ರಾತ್ರಿಯಲ್ಲಿ! ಬಡಿಗೆ ಅದೇ, ಕಾವಲು ಅದೇ. ಎದುರಿನ ಮನುಷ್ಯ ಮಾತ್ರ ಬದಲಾದ.

ರಸ್ತೆಯ ಬದಿಗೆ ಒಬ್ಬ ಮುದುಕ ಸಾಬರ ಚಹಾದಂಗಡಿ ಇತ್ತು. ಊರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇದ್ದ ಕಾಲದಿಂದಲೂ ಅಲ್ಲಿ ಎಲ್ಲರಿಗೂ ಒಂದೇ ಲೋಟ. ನಾವು ಅವರಿಗೆ ಮಾಮಾ ಅನ್ನುತ್ತಿದ್ದೆವು. ಆ ವಾರ ಹುಡುಗರು ಅಲ್ಲಿಗೆ ಹೋಗುವುದು ಬಿಟ್ಟರು. ನಾನೂ ಬಿಟ್ಟೆ. ಅಂಗಡಿ ಕೀಳಿಸಬೇಕು ಅನ್ನುವ ತನಕ ಮಾತು ಬೆಳೆಯಿತು. ಅವ್ವನ ಕಿವಿಗೆ ಬಿತ್ತು.

“ಯಾಕಲೇ, ಆ ಮುದುಕ ಬಾಂಬು ಇಟ್ಟದ್ದು ನೀ ನೋಡಿಯೇನು?”

“ಅವರ ಮಂದಿನೇ ಇಟ್ಟಾರ ಅಂತ ಪೇಪರಿನ್ಯಾಗ ಬಂದೈತಿ ಬೇ.”

“ಪೇಪರಿನ್ಯಾಗ ಇಂವನ ಹೆಸರು ಐತೇನು?”

“ಇಲ್ಲ.”

“ನೋಡದ್ದು ಹೇಳಿದರ ಅದು ಸಾಕ್ಷಿ ಅಲ್ಲಲೇ, ಚಾಡಿ. ನಮ್ಮ ಕೇರಿಯಾಗ ಒಬ್ಬ ತೆನಿ ಮುರಕೊಂಡು ಬಂದರ ಗೌಡ ಇಡೀ ಕೇರಿ ಮಂದೀನ ಕಟ್ಟಿ ಹಾಕತಿದ್ದ. ನೀವೂ ಗೌಡ್ರಾದ್ರೇನು?”

ಅಷ್ಟು ಹೇಳಿ ತಾನೇ ಹೋಗಿ ಅಂಗಡಿಯ ಮುಂದೆ ಕೂತು ಚಹಾ ಕುಡಿದಳು. ನಾನು ತಲೆ ಬಗ್ಗಿಸಿಕೊಂಡು ಹಿಂದೆ ಹೋದೆ.

ಅವ್ವನ ಮಾತಿನ ಅರ್ಥ ನನಗೆ ಪೂರಾ ತಿಳಿದದ್ದು ಆಮೇಲೆ. ಹಿಂದೂಗಳಿಗೂ ಕ್ರೈಸ್ತರಿಗೂ ಜಗಳ ಹಚ್ಚುವುದೇ ಆ ಸ್ಫೋಟಗಳ ಉದ್ದೇಶ ಎಂದು ತನಿಖೆ ಹೇಳಿತು. ಅಂದರೆ ಆ ಒಂದು ತಿಂಗಳು ಬಡಿಗೆ ಹಿಡಿದು ಕುಂಕುಮ ಹುಡುಕುತ್ತಿದ್ದ ನಾವು ಬಾಂಬಿನವರ ಕೆಲಸವನ್ನೇ ಮಾಡುತ್ತಿದ್ದೆವು. ಅವರ ಮದ್ದು ಚರ್ಚಿನ ಗೋಡೆಯಲ್ಲಿತ್ತು, ಬತ್ತಿ ನಮ್ಮ ತಲೆಯಲ್ಲಿತ್ತು. 2001ರಲ್ಲಿ ಕೇಂದ್ರ ಸರ್ಕಾರ ಆ ಸಂಘಟನೆಯನ್ನು ನಿಷೇಧಿಸಿತು. 2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಗೆ ಶಿಕ್ಷೆ ಕೊಟ್ಟಿತು. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಕೃತ್ಯ ಎಣಿಸಿ ಕೊಟ್ಟ ಶಿಕ್ಷೆ. ಅದರಲ್ಲಿ ನಮ್ಮ ಮಾಮಾ ಇರಲಿಲ್ಲ, ಅವರ ಕೋಮೂ ಇರಲಿಲ್ಲ.

ಅದೇ 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಆರಾಧನಾ ಮಠಕ್ಕೆ ನುಗ್ಗಿದರು. ಕರಾವಳಿ, ಮಲೆನಾಡು, ದಾವಣಗೆರೆಯ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಆಗ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದ ಮಹೇಂದ್ರಕುಮಾರ್ ಬಹಿರಂಗವಾಗಿ ಸಮರ್ಥಿಸಿಕೊಂಡರು, ಬಂಧನಕ್ಕೂ ಒಳಗಾದರು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಅದನ್ನು ಕ್ರೈಸ್ತ ಸಂಘಟನೆಗಳು ಒಪ್ಪಲಿಲ್ಲ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನಮ್ಮ ಕಡೆಯ ಒಂದು ಹಳ್ಳಿಯಲ್ಲಿ, ಊರಿನ ಹೆಸರು ಬೇಡ, ರಾತ್ರಿ ಪ್ರಾರ್ಥನೆಗೆ ಕೂತ ಕೂಲಿಯವರನ್ನು ಕೆಲವರು ಬಡಿದರು. ನಾನು ಅಲ್ಲಿದ್ದೆ. ಬಡಿದವರ ಮುಖ ಕಂಡಿದ್ದೆ. ಕರೆದು ಕೇಳಿದಾಗ “ಕತ್ತಲಿತ್ರಿ, ಗೊತ್ತಾಗಲಿಲ್ರಿ” ಅಂದೆ. ಕತ್ತಲೇನೂ ಇರಲಿಲ್ಲ. ನನ್ನ ಕಿಸೆಯಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಇತ್ತು. ನೌಕರಿಯ ಅರ್ಜಿ ಅದರ ಮೇಲೆ ನಿಂತಿತ್ತು. ಪ್ರಾರ್ಥನೆಗೆ ಯಾಕೆ ಹೋಗಿದ್ದೆ ಎಂಬ ಪ್ರಶ್ನೆ ಬಂದರೆ ಎಲ್ಲವೂ ಹೋಗುತ್ತಿತ್ತು. ಆ ನೌಕರಿ ಕೊನೆಗೂ ಸಿಗಲಿಲ್ಲ. ಆ ಸುಳ್ಳು ಮಾತ್ರ ನನ್ನ ಹತ್ತಿರ ಉಳಿಯಿತು.

ಗೆಳೆಯರೇ, ಇದು ನನ್ನೊಬ್ಬನ ಹೇಡಿತನ ಅಂತ ಹೇಳಿ ಮುಗಿಸಲು ಬರುವುದಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಧರ್ಮಕ್ಕೆ ಕಟ್ಟಿ ಹಾಕಿದೆ. 1956ರಲ್ಲಿ ಸಿಖ್ ದಲಿತರನ್ನು, 1990ರಲ್ಲಿ ಬೌದ್ಧ ದಲಿತರನ್ನು ಒಳಗೆ ಬಿಟ್ಟುಕೊಂಡರು. ಕ್ರೈಸ್ತ ದಲಿತ, ಮುಸ್ಲಿಂ ದಲಿತ ಹೊರಗೇ ಉಳಿದರು. ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳುವಂತಿಲ್ಲ ಎಂದು ಆಂಧ್ರ ಹೈಕೋರ್ಟ್ 2025ರಲ್ಲಿ ಹೇಳಿತು. ಬಡಿಯುವವನಿಗೆ ನಾವು ಮಾದಿಗರೂ ಹೌದು, ಕ್ರೈಸ್ತರೂ ಹೌದು. ಎರಡೂ ಸಿಟ್ಟು ಒಂದೇ ಬೆನ್ನಿನ ಮೇಲೆ ಬೀಳುತ್ತದೆ. ಠಾಣೆಯ ಮುಂದೆ ಮಾತ್ರ ಎರಡರಲ್ಲಿ ಒಂದನ್ನು ಬಿಟ್ಟು ಬಾ ಅನ್ನುತ್ತಾರೆ. ಹೀಗೆ ಸಾಕ್ಷಿಯ ನಾಲಿಗೆಯನ್ನು ಮೊದಲೇ ಕಟ್ಟಿಟ್ಟ ವ್ಯವಸ್ಥೆ ಇದು.

ನಾಲಿಗೆ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಕಂಬಾಲಪಲ್ಲಿಯನ್ನು ನೋಡಿ. ಚರ್ಚುಗಳಲ್ಲಿ ಬಾಂಬು ಸಿಡಿದ 2000ದಲ್ಲೇ, ಮಾರ್ಚ್ 11ರಂದು, ಕೋಲಾರ ಸೀಮೆಯ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಏಳು ಜನ ಸುಟ್ಟು ಬೂದಿಯಾದರು, ಸುಟ್ಟವರು ಯಾರೂ ಇಲ್ಲ! ಇದನ್ನು ಯಾರೂ ಭಯೋತ್ಪಾದನೆ ಅಂತ ಕರೆಯಲಿಲ್ಲ. ಹೆದರಿಸಿ ಬಾಯಿ ಮುಚ್ಚಿಸುವುದೇ ಭಯೋತ್ಪಾದನೆಯಾದರೆ ನಮಗೆ ಅದು ಚರ್ಚಿಗೆ ಹೋಗುವ ಮೊದಲೇ ಗೊತ್ತಿತ್ತು.

ಪಾದ್ರಿಗಳು ಕ್ಷಮಿಸಿ ಅನ್ನುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಕ್ಷಮೆಯ ಹೆಸರಲ್ಲಿ ಬಾಯಿ ಮುಚ್ಚಿಸುವುದನ್ನು ಒಪ್ಪುವುದಿಲ್ಲ. ಯೇಸುವನ್ನು ಹಿಡಿಯಲು ಬಂದಾಗ ಪೇತ್ರ ಕತ್ತಿ ಎತ್ತಿದ. ಯೇಸು ಅದನ್ನು ಒರೆಗೆ ಹಾಕಿಸಿದ. ನಿಜ. ಅದೇ ರಾತ್ರಿ ಮಹಾಯಾಜಕನ ಮುಂದೆ ಆಳೊಬ್ಬ ಕೆನ್ನೆಗೆ ಹೊಡೆದಾಗ ಅದೇ ಯೇಸು ಸುಮ್ಮನೆ ನಿಲ್ಲಲಿಲ್ಲ. ನನ್ನ ತಪ್ಪೇನು ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಅಂತ ಕೇಳಿದ. ಕೈಯಲ್ಲಿ ಕತ್ತಿ ಇಲ್ಲ, ಬಾಯಲ್ಲಿ ಪ್ರಶ್ನೆ ಇದೆ. ಹುತಾತ್ಮ ಅನ್ನುವುದಕ್ಕೆ ಇಂಗ್ಲಿಷಿನವರು ಬಳಸುವ ಪದದ ಗ್ರೀಕ್ ಮೂಲಕ್ಕೂ ಸಾಕ್ಷಿ ಎಂದೇ ಅರ್ಥ. ಗಂಡನನ್ನೂ ಮಕ್ಕಳನ್ನೂ ಕಳಕೊಂಡ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದೇನೆ ಅಂದರು, ಕುಷ್ಠರೋಗಿಗಳ ಸೇವೆಗೆ ಅಲ್ಲೇ ಉಳಿದರು. ಮೊಕದ್ದಮೆ ತನ್ನ ಪಾಡಿಗೆ ನಡೆದು ಕೊಲೆಗಾರನಿಗೆ ಜೀವಾವಧಿ ಆಯಿತು. ಕ್ಷಮೆ ಅವರದು, ತೀರ್ಪು ಕೋರ್ಟಿನದು.

2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಶ್ರೀಲಂಕಾದ ಚರ್ಚು, ಹೋಟೆಲುಗಳಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಕೊಲಂಬೊದಲ್ಲಿ ಕನ್ನಡ ನಾಡಿನವರೂ ಸತ್ತರು. ಮುಂದಿನ ತಿಂಗಳು ಅಲ್ಲಿ ಮುಸ್ಲಿಮರ ಮನೆ, ಅಂಗಡಿಗಳ ಮೇಲೆ ದಾಳಿಯಾದಾಗ ಕಾರ್ಡಿನಲ್ ಮಾಲ್ಕಂ ರಂಜಿತ್ ಬೇಡ ಅಂತ ಕೈಮುಗಿದರು. ಹಿಂದೆ ಇದ್ದವರು ಯಾರು ಹೇಳಿ ಅಂತ ಸರ್ಕಾರವನ್ನು ವರ್ಷಗಟ್ಟಲೆ ಕೇಳಿದವರೂ ಅವರೇ. 2023ರ ಜನವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಮಾಜಿ ಅಧ್ಯಕ್ಷ ಸಿರಿಸೇನ ಅವರೇ ಪರಿಹಾರ ಕಟ್ಟಬೇಕು ಎಂದು ತೀರ್ಪು ಕೊಟ್ಟಿತು.

ಸಾಕ್ಷಿ ನಮ್ಮ ವಿರುದ್ಧವೂ ಹೇಳಬೇಕಾಗುತ್ತದೆ. ಗೋವೆಯಲ್ಲಿ 1560ರಿಂದ ನಡೆದ ಧರ್ಮವಿಚಾರಣೆ ಶಿಲುಬೆಯ ಕೆಳಗೇ ನಡೆಯಿತು. 1982ರಲ್ಲಿ ಬೈರುತ್‌ನ ಸಬ್ರಾ, ಶತೀಲಾ ನಿರಾಶ್ರಿತರ ಬಿಡಾರಗಳಲ್ಲಿ ಹೆಣ ಉರುಳಿಸಿದವರು ಕ್ರೈಸ್ತ ಪಡೆಯವರು. ಇವತ್ತಿಗೂ ಜಾತಿ ನೋಡಿ ಹೆಣ್ಣು ಕೇಳುವ ಕ್ರೈಸ್ತರು ನಮ್ಮ ನಡುವೆ ಇದ್ದಾರೆ. ಬೇರೆಯವರ ಸಂಕಟಕ್ಕೂ ಸಾಕ್ಷಿಯಾಗಬೇಕು. ನಮ್ಮ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿದ್ದಾರೆ. ಬಹಳ ಮಂದಿ ನಾಮಶೂದ್ರರು, ನಮ್ಮಂಥವರೇ. ಅವರು ಬಿಟ್ಟು ಬಂದದ್ದೂ ಧರ್ಮದ ಹೆಸರಿನ ಭಯವನ್ನೇ. ನಾವು ಎಷ್ಟು ಜನ ಅವರ ಮನೆಯಲ್ಲಿ ಕೂತು ಕಥೆ ಕೇಳಿದ್ದೇವೆ?

ಮನುಷ್ಯ ತಿರುಗುತ್ತಾನೆ ಎಂಬ ನಂಬಿಕೆಯನ್ನೂ ಬಿಡಬಾರದು. ಅದೇ ಮಹೇಂದ್ರಕುಮಾರ್ ಮುಂದೆ ಆ ದಾರಿ ಬಿಟ್ಟರು. ತಾನು ಮಾಡಿದ್ದು ತಪ್ಪು ಅಂತ ಊರೂರು ತಿರುಗಿ ಹೇಳಿದರು. 2020ರ ಏಪ್ರಿಲಿನಲ್ಲಿ ತೀರಿಕೊಳ್ಳುವ ತನಕ ಕೋಮುವಾದದ ವಿರುದ್ಧ ಮಾತಾಡಿದರು. 2000ದಲ್ಲಿ ನಮ್ಮ ಬಡಿಗೆ ಅಂಥವನೊಬ್ಬನ ತಲೆ ಒಡೆದಿದ್ದರೆ ಆ ಮಾತು ಎಲ್ಲಿಂದ ಬರುತ್ತಿತ್ತು?

ಹಳ್ಳಿಯ ಮೇಷ್ಟ್ರುಗಳಿಗೆ, ಸಂಘಟನೆಯ ಹುಡುಗರಿಗೆ ಒಂದು ಮಾತು. ದಾಳಿಯಾದ ದಿನವೇ ಕಂಡದ್ದನ್ನು ಬರೆದಿಡಿ. ಕಂಡವನ ಹೆಸರು ಬರೆಯಿರಿ, ಕಾಣದವನ ಜಾತಿ ಬರೆಯಬೇಡಿ. ಎಫ್‌ಐಆರ್ ಮಾಡಿಸಿ, ಅದರ ಪ್ರತಿಯನ್ನು ದೂರು ಕೊಟ್ಟವನಿಗೆ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆ ಇದೆ, ಜಿಲ್ಲಾ ಮಟ್ಟದಲ್ಲಿ ಅರ್ಜಿ ಕೊಡಬಹುದು. ಹೆದರಿದ ಕೂಲಿಯವನ ಜೊತೆ ಕೋರ್ಟಿನ ಕಟ್ಟೆಯ ತನಕ ನಡೆಯಿರಿ. ಒಬ್ಬನೇ ಹೋದರೆ ಅವನು ನನ್ನ ಹಾಗೆ ಕತ್ತಲಿತ್ತು ಅಂತ ಹೇಳಿ ಬರುತ್ತಾನೆ.

ಅವ್ವ ಈಗಿಲ್ಲ. ಮಾಮಾನೂ ಇಲ್ಲ, ಅಂಗಡಿ ಅವರ ಮೊಮ್ಮಗನ ಕೈಯಲ್ಲಿದೆ. ಭಾನುವಾರ ಸಾಕ್ಷಿ ಹೇಳಲು ಎದ್ದಾಗ ಅವ್ವ ಒಮ್ಮೆ ಕೇಳಿದ್ದು ನೆನಪಾಗುತ್ತದೆ: “ಇಲ್ಲಿ ಇಷ್ಟು ಗಟ್ಟಿಯಾಗಿ ಹೇಳ್ತಿ, ಅಲ್ಲಿ ಯಾಕ ಹೇಳಲಿಲ್ಲೋ ತಮ್ಮಾ?” ಅವಳಿಗೆ ಕೊಡದ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ. ಆ ರಾತ್ರಿ ಬೆಳಕಿತ್ತು. ನಾನು ನೋಡಿದ್ದೆ.